ಸಿಪಾಯಿಯ ಬುತ್ತಿ, ವಲಸಿಗನ ತಟ್ಟೆ

ಯುರೋಪಿನ ಸರಕಾರಗಳು ಈಚೆಗೆ ತಮ್ಮ ಪ್ರಜೆಗಳಿಗೆ ಮನೆಯಲ್ಲಿ ಆಹಾರ ಕೂಡಿಡುವ ಪಾಠವನ್ನು ಹೇಳಿಕೊಡತೊಡಗಿವೆ. 2024ರ ನವೆಂಬರಿನಲ್ಲಿ ಸ್ವೀಡನ್ ದೇಶವು ಯುದ್ಧವೋ ವಿಪತ್ತೋ ಎದುರಾದರೆ ಏನು ಮಾಡಬೇಕೆಂದು ತಿಳಿಸುವ ಕೈಪಿಡಿಯೊಂದನ್ನು ಮನೆಮನೆಗೆ ಕಳುಹಿಸಿತು. 2025ರ ಮಾರ್ಚಿನಲ್ಲಿ ಐರೋಪ್ಯ ಒಕ್ಕೂಟವು, ಹೊರಗಿನ ನೆರವಿಲ್ಲದೆ 72 ಗಂಟೆಗಳ ಕಾಲ ಬದುಕಲು ಬೇಕಾದಷ್ಟು ಸಾಮಗ್ರಿ ಪ್ರತಿ ಕುಟುಂಬದಲ್ಲೂ ಇರಬೇಕೆಂದು ಸೂಚಿಸಿತು. ಉಕ್ರೇನಿನ ಯುದ್ಧವು ಅಲ್ಲಿನ ಜನರಲ್ಲಿ ಹುಟ್ಟಿಸಿದ ಅಭದ್ರತೆ ಇದರ ಹಿಂದಿದೆ. ಇದೇ ಕಾಲದಲ್ಲಿ, ಅಮೆರಿಕದಲ್ಲಿ ಮತ್ತು ಬೇರೆಡೆಗಳಲ್ಲಿ, ಸೈನಿಕರ ಆಹಾರದ ಪೊಟ್ಟಣಗಳನ್ನು ದೇಶದೇಶಗಳಿಂದ ಸಂಗ್ರಹಿಸಿ ತಿನ್ನುವ ಹವ್ಯಾಸವೊಂದು ಸಾಕಷ್ಟು ಅನುಯಾಯಿಗಳನ್ನು ಗಳಿಸಿದೆ. ಮೊದಲ ನೋಟಕ್ಕೆ ಇದು ಕೆಲಸವಿಲ್ಲದವರ ಕೌತುಕವೆಂದು ತೋರಬಹುದು. ಆದರೆ ಆ ಪೊಟ್ಟಣದ ಕಥೆ ಮೈಸೂರಿನ ಮೂಲಕ ಹಾದು, ಇಲ್ಲಿನ ಎಡಿಸನ್ ಪಟ್ಟಣದ ಅಂಗಡಿಗಳನ್ನು ಮುಟ್ಟಿ, ಕೊನೆಗೆ ನಮ್ಮ ಮಕ್ಕಳ ರಕ್ತದೊತ್ತಡದವರೆಗೂ ಬರುತ್ತದೆ. ಆದ್ದರಿಂದ ಈ ವಿಷಯವನ್ನು ಊರಿನಲ್ಲಿ ಕುಳಿತು ಓದುವ ತಂದೆತಾಯಿಯರ ಮತ್ತು ಇಲ್ಲಿಗೆ ಬರಲು ಅಣಿಯಾಗುತ್ತಿರುವ ತರುಣರ ಮುಂದಿಡಬೇಕೆನಿಸಿತು.

ಸಂಗ್ರಾಹಕರ ಲೋಕವನ್ನು ಮೊದಲು ನೋಡೋಣ. ಸೇನೆಯ ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ, ಅಂತರಜಾಲದ ಹರಾಜುಕಟ್ಟೆಗಳಲ್ಲಿ ಇವರು ಪೊಟ್ಟಣಗಳನ್ನು ಹುಡುಕುತ್ತಾರೆ. ಕೆಲವರು ಕೇವಲ ಕಪಾಟಿನಲ್ಲಿ ಜೋಡಿಸಿಡುತ್ತಾರೆ, ಕೆಲವರು ಬಿಚ್ಚಿ ಒಂದೊಂದು ವಸ್ತುವನ್ನೂ ತಟ್ಟೆಯಲ್ಲಿಟ್ಟು ರುಚಿ ನೋಡಿ ವರ್ಣಿಸುತ್ತಾರೆ. ಯೂಟ್ಯೂಬಿನಲ್ಲಿ ಸ್ಟೀವ್1989ಎಮ್‌ಆರ್‌ಇಇನ್ಫೋ ಎಂಬ ವಾಹಿನಿಯನ್ನು ನಡೆಸುವ ಅಮೆರಿಕನ್ ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಮುಖ. ಅವರು ಅಮೆರಿಕದ ಅಂತರ್ಯುದ್ಧದ ಕಾಲದ, ಅಂದರೆ 1863ರ ಗಟ್ಟಿ ಬಿಸ್ಕತ್ತನ್ನು ಸಹ ಕ್ಯಾಮೆರಾದ ಮುಂದೆ ಕಚ್ಚಿ ನೋಡಿದವರು. ನ್ಯೂಜೆರ್ಸಿಯಲ್ಲಿ ದೊಡ್ಡ ಸೇನಾನೆಲೆಯಿದೆ, ಆಸ್ಪತ್ರೆಗಳಲ್ಲಿ ಮಾಜಿ ಸೈನಿಕರು ಬಹುಸಂಖ್ಯೆಯಲ್ಲಿ ಕೆಲಸ ಮಾಡುತ್ತಾರೆ. ಅಂಥ ಸಹೋದ್ಯೋಗಿಗಳ ಮಾತಿನಿಂದಲೇ ಈ ಲೋಕದ ಪರಿಚಯ ನನಗಾದದ್ದು. ವಿಶೇಷವೆಂದರೆ, ಆ ಊಟವನ್ನು ಕರ್ತವ್ಯದ ಮೇಲೆ ತಿಂಗಳುಗಟ್ಟಲೆ ತಿಂದವರಾರೂ ಅದನ್ನು ಹವ್ಯಾಸವಾಗಿ ತಿನ್ನಲು ಮುಂದಾದುದನ್ನು ನಾನು ಕಂಡಿಲ್ಲ.

ಸಂಗ್ರಾಹಕರನ್ನು ಸೆಳೆಯುವುದು ರುಚಿಗಿಂತ ಮಿಗಿಲಾಗಿ ದೇಶಗಳ ಸ್ವಭಾವ. ಫ್ರೆಂಚ್ ಸೈನಿಕನ ಪೆಟ್ಟಿಗೆಯಲ್ಲಿ ಮಾಂಸದ ಪಾತೆ ಇರುತ್ತದೆ, ಇಟಲಿಯವನ ಪೆಟ್ಟಿಗೆಯಲ್ಲಿ ಒಂದು ಗುಟುಕಿನಷ್ಟು ಮದ್ಯ ಇರುವುದುಂಟು, ಬ್ರಿಟಿಷರದ್ದರಲ್ಲಿ ಚಹಾದ ಚೀಲ ತಪ್ಪುವುದಿಲ್ಲ, ಜಪಾನಿನದ್ದರಲ್ಲಿ ಮೂಲಂಗಿಯ ಉಪ್ಪಿನಕಾಯಿ, ಭಾರತದ್ದರಲ್ಲಿ ಸಜ್ಜಿಗೆಯ ಹಲ್ವ ಮತ್ತು ತರಕಾರಿ ಪಲಾವು. ಸಾವಿನ ಸಮೀಪ ನಿಲ್ಲಿಸಿದ ಮನುಷ್ಯನಿಗೆ ಆತನ ಮನೆಯ ಯಾವ ರುಚಿಯನ್ನು ಕೊಟ್ಟರೆ ಮನಸ್ಸು ಕುಸಿಯದೆ ಉಳಿದೀತು ಎಂಬ ಪ್ರಶ್ನೆಗೆ ಒಂದೊಂದು ಸರಕಾರವೂ ಕೊಟ್ಟ ಉತ್ತರಗಳಿವು. ಆ ಉತ್ತರ ತಪ್ಪಿದಾಗ ಆದ ಅನಾಹುತಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. ಮೊದಲ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಕುಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ಕೊನೆಯವರೆಗೆ ಮುತ್ತಿಗೆಗೆ ಸಿಕ್ಕಿದ ಬ್ರಿಟಿಷ್ ಸೇನೆಯಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳಿದ್ದರು. ದವಸ ಮುಗಿದಾಗ ಕುದುರೆಯ ಮಾಂಸವನ್ನು ಹಂಚಲಾಯಿತು. ಅನೇಕ ಭಾರತೀಯರು ಬಹುಕಾಲ ಅದನ್ನು ಮುಟ್ಟಲಿಲ್ಲ, ಹಸಿವಿನಿಂದ ಸೊರಗಿದರು. ಊಟವೆಂದರೆ ಕ್ಯಾಲೊರಿಗಳ ಮೊತ್ತವಷ್ಟೇ ಎಂದು ತಿಳಿದ ಆಡಳಿತಕ್ಕೆ ಅದೊಂದು ಕಟು ಪಾಠ.

ಈ ಊಟ ವರ್ಷಗಟ್ಟಲೆ ಕೆಡದೆ ಉಳಿಯುವುದು ಹೇಗೆ? ಸೇನೆಗಾಗಿ ಆಹಾರ ಕೆಡದಂತಿಡುವ ಶಾಸ್ತ್ರಕ್ಕೆ ಇನ್ನೂರು ವರ್ಷಗಳ ವಯಸ್ಸು. ನಿಕೊಲಾ ಅಪೇರ್ ಎಂಬ ಫ್ರೆಂಚ್ ಪಾಕಪ್ರವೀಣನು ಗಾಜಿನ ಜಾಡಿಯಲ್ಲಿ ಆಹಾರವನ್ನು ಮುಚ್ಚಿ ಕುದಿಸಿ ಉಳಿಸುವ ವಿಧಾನವನ್ನು ಕಂಡುಹಿಡಿದು, 1810ರಲ್ಲಿ ಅಲ್ಲಿನ ಸರಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದನು. ಜಾಡಿಯ ನಂತರ ತಗಡಿನ ಡಬ್ಬಿ ಬಂದಿತು, ಡಬ್ಬಿಯ ನಂತರ ಮೆತ್ತನೆಯ ಚೀಲ. ಮ್ಯಾಸಚೂಸೆಟ್ಸ್ ರಾಜ್ಯದ ನೇಟಿಕ್ ಪಟ್ಟಣದಲ್ಲಿರುವ ಅಮೆರಿಕನ್ ಸೇನೆಯ ಪ್ರಯೋಗಾಲಯ ಈ ಚೀಲದ ಬೆಳವಣಿಗೆಯಲ್ಲಿ ದೊಡ್ಡ ಪಾತ್ರ ವಹಿಸಿತು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಪದರಪದರವಾಗಿ ಅಂಟಿಸಿದ ಚೀಲದಲ್ಲಿ ಬೇಯಿಸಿದ ಆಹಾರವನ್ನು ಮುಚ್ಚಿ, ಒತ್ತಡದಡಿಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ನಮ್ಮ ಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯದ ಬೀಜಕಣಗಳು ನೂರು ಡಿಗ್ರಿಯ ಕುದಿತಕ್ಕೆ ಸಾಯುವುದಿಲ್ಲ, ಈ ಶಾಖಕ್ಕೆ ಸಾಯುತ್ತವೆ. ಹಾಗಾಗಿ ಸಂರಕ್ಷಕ ರಾಸಾಯನಿಕಗಳ ನೆರವಿಲ್ಲದೆಯೂ ಆಹಾರ ಉಳಿಯುತ್ತದೆ. ಇದಕ್ಕೆ ರಿಟಾರ್ಟ್ ವಿಧಾನವೆಂದು ಹೆಸರು. ಅಮೆರಿಕನ್ ಸೇನೆಯು 1980ರ ದಶಕದಲ್ಲಿ ಡಬ್ಬಿಗಳನ್ನು ಕೈಬಿಟ್ಟು ಈ ಚೀಲಗಳ ಊಟಕ್ಕೆ ಬದಲಾಯಿತು. ‘ಮೀಲ್ ರೆಡಿ ಟು ಈಟ್’ ಎಂಬುದು ಅದರ ಹೆಸರು, ಎಂ.ಆರ್.ಇ. ಎಂಬುದು ಎಲ್ಲರ ಬಾಯಲ್ಲಿರುವ ಹ್ರಸ್ವರೂಪ. ಒಂದು ಪೊಟ್ಟಣದಲ್ಲಿ ಸುಮಾರು 1,250 ಕ್ಯಾಲೊರಿ ಇರುತ್ತದೆ. 24 ಬಗೆಯ ಊಟಗಳಲ್ಲಿ ನಾಲ್ಕು ಸಸ್ಯಾಹಾರಿಗಳಿಗೆ ಮೀಸಲು.

ಈಗ ಮೈಸೂರಿಗೆ ಬರೋಣ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ನೆಲೆಗೊಂಡ ಮೇಲೆ ಮೈಸೂರು ಆಹಾರ ವಿಜ್ಞಾನದ ಪಟ್ಟಣವಾಯಿತು. 1961ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಮೈಸೂರಿಗರ ಬಾಯಲ್ಲಿ ಡಿ.ಎಫ್.ಆರ್.ಎಲ್., ಆರಂಭವಾಯಿತು. ಮರುವರ್ಷವೇ ಚೀನಾದೊಡನೆ ಯುದ್ಧ ನಡೆದು, ಹಿಮಾಲಯದ ಎತ್ತರದಲ್ಲಿ ನಿಂತ ಸೈನಿಕನಿಗೆ ಏನು ಉಣಿಸಬೇಕೆಂಬುದು ದೇಶದ ತುರ್ತು ಪ್ರಶ್ನೆಯಾಯಿತು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾಗಿ ಹಸಿವು ಇಂಗುತ್ತದೆ, ಚಳಿಗೆ ದೇಹ ಹೆಚ್ಚು ಶಕ್ತಿಯನ್ನು ಬೇಡುತ್ತದೆ, ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಬೇಳೆ ಬೇಯುವುದಿಲ್ಲ. ಈ ಮೂರು ಕಷ್ಟಗಳಿಗೂ ಉತ್ತರ ಹುಡುಕಿದವರಲ್ಲಿ ಆ ಪ್ರಯೋಗಾಲಯದ ವಿಜ್ಞಾನಿಗಳಿದ್ದಾರೆ. ತಿಂಗಳುಗಟ್ಟಲೆ ಕೆಡದ ಚಪಾತಿ, ನೀರು ಬೆರೆಸಿದರೆ ಸಿದ್ಧವಾಗುವ ಪಲಾವು, ಹಲ್ವ ಇವೆಲ್ಲ ಅಲ್ಲಿನ ಫಲ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಕೊಂಡೊಯ್ದ ಭಾರತೀಯ ತಿನಿಸುಗಳೂ ಅಲ್ಲಿಂದಲೇ ಹೋದವು. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಗಜ್ಜರಿ ಹಲ್ವ, ಹೆಸರುಬೇಳೆ ಹಲ್ವ ಮತ್ತು ಮಾವಿನ ರಸವನ್ನು ಒಯ್ದದ್ದನ್ನು ಓದುಗರು ಮರೆತಿರಲಾರರು.

ಈ ವಿಜ್ಞಾನ ಯಾರಿಗಾಗಿ ಎಂಬುದನ್ನು ಕನ್ನಡಿಗರಿಗೆ ನೆನಪಿಸಲು ಒಂದು ಹೆಸರು ಸಾಕು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಸುಮಾರು 19,600 ಅಡಿ ಎತ್ತರದ ಠಾಣೆ ಹಿಮಪಾತಕ್ಕೆ ಸಿಕ್ಕಿ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಹುದುಗಿದ್ದು ಜೀವಂತವಾಗಿ ಹೊರಬಂದು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಂಥ ಠಾಣೆಗಳಲ್ಲಿ ಇರುವವರಿಗೆ ಪೊಟ್ಟಣದ ಊಟಕ್ಕೆ ಬದಲಿ ಇಲ್ಲ. ಅಲ್ಲಿ ಒಲೆ ಹಚ್ಚುವುದೇ ಒಂದು ಸಾಹಸ. ಕಪಾಟಿನಲ್ಲಿ ಭಾರತೀಯ ಸೇನೆಯ ಪೊಟ್ಟಣವನ್ನು ಇಟ್ಟುಕೊಂಡು ಅದರ ಹಲ್ವದ ಸಿಹಿಯನ್ನು ಚರ್ಚಿಸುವವರು ಈ ಮಾತನ್ನು ಮನಸ್ಸಿನಲ್ಲಿಟ್ಟರೆ ಹವ್ಯಾಸಕ್ಕೆ ಘನತೆ ಬರುತ್ತದೆ.

ಮೈಸೂರಿನ ಆ ಪ್ರಯೋಗಾಲಯದ ರಿಟಾರ್ಟ್ ತಂತ್ರಜ್ಞಾನವು ಮುಂದೆ ಖಾಸಗಿ ಉದ್ಯಮಗಳ ಕೈಗೆ ಬಂದಿತು. ಅದನ್ನು ಪಡೆದವುಗಳಲ್ಲಿ ಬೆಂಗಳೂರಿನ ಎಂ.ಟಿ.ಆರ್. ಒಂದು. ಇಕ್ಕಟ್ಟಿನ ಕಾಲಕ್ಕೆ ತಕ್ಕಂತೆ ಅಡುಗೆಯನ್ನು ಮಾರ್ಪಡಿಸುವುದು ಆ ಮನೆಗೆ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿತೆಂದು ಅವರು ಹೇಳಿಕೊಳ್ಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ಮುಚ್ಚಬೇಕಾಗಿ ಬಂದಾಗ ಸಿದ್ಧ ಪುಡಿ, ಮಿಶ್ರಣಗಳ ವ್ಯಾಪಾರಕ್ಕೆ ಇಳಿದರು. 2007ರಲ್ಲಿ ಅವರ ಆಹಾರೋದ್ಯಮವನ್ನು ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಇಂದು ಎಡಿಸನ್ ಮತ್ತು ಇಸೆಲಿನ್ ನಡುವಿನ ಓಕ್ ಟ್ರೀ ರಸ್ತೆಯ ಯಾವ ಭಾರತೀಯ ದಿನಸಿ ಅಂಗಡಿಗೆ ಹೋದರೂ ಬಿಸಿಬೇಳೆಬಾತಿನಿಂದ ಪಾಲಕ್ ಪನೀರಿನವರೆಗೆ, ಹಲವು ಕಂಪನಿಗಳ ಬೆಳ್ಳಿಬಣ್ಣದ ಚೀಲಗಳು ಸಾಲಾಗಿ ಕುಳಿತಿರುತ್ತವೆ. ಹೊರಗಿನ ರಟ್ಟಿನ ಪೆಟ್ಟಿಗೆಯ ಚಿತ್ರವನ್ನು ತೆಗೆದಿಟ್ಟರೆ, ಒಳಗಿರುವುದು ಸಿಪಾಯಿಯ ಬುತ್ತಿಯ ಸಾಕ್ಷಾತ್ ತಮ್ಮ. ನಮ್ಮವರು ಬಹಳಷ್ಟು ಮಂದಿ ತಮಗೆ ಅರಿವಿಲ್ಲದೆಯೇ ಸೇನೆಯ ಆಹಾರವನ್ನು ಸಂಗ್ರಹಿಸಿ ತಿನ್ನುವವರೇ ಆಗಿದ್ದಾರೆ.

ವೈದ್ಯನಾಗಿ ನನ್ನ ಆತಂಕ ಆರಂಭವಾಗುವುದು ಇಲ್ಲಿಂದ. ಎಂ.ಆರ್.ಇ.ಯನ್ನು ರೂಪಿಸಿದವರು ಅದಕ್ಕೊಂದು ಗಡಿಯನ್ನೂ ಹಾಕಿದ್ದಾರೆ. ಬೇರೆ ಊಟವಿಲ್ಲದೆ ಅದನ್ನೊಂದನ್ನೇ ತಿಂದಿರಬಹುದಾದ ಅವಧಿ 21 ದಿನಗಳು. ನೇಟಿಕ್‌ನ ಸೇನಾ ಸಂಶೋಧಕರು ಸ್ವಯಂಸೇವಕರಿಗೆ 21 ದಿನ ಇದೇ ಆಹಾರವನ್ನು ಕೊಟ್ಟು, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಲ್ಲಿ ಆಗುವ ಬದಲಾವಣೆಗಳನ್ನು ಸಹ ಅಭ್ಯಸಿಸಿದ್ದಾರೆ. ದಿನವಿಡೀ ಹೊರೆ ಹೊತ್ತು ಬೆವರು ಸುರಿಸುವ ಇಪ್ಪತ್ತರ ಯೋಧನಿಗೆ ಉಪ್ಪೂ ಬೇಕು, ಕ್ಯಾಲೊರಿಯೂ ಬೇಕು. ಆರೋಗ್ಯವಂತನಿಗೆ ದಿನಕ್ಕೆ ಎರಡು ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈನಿಕನ ಮೂರು ಪೊಟ್ಟಣಗಳು ಈ ಮಿತಿಯ ಎರಡು ಪಟ್ಟನ್ನು ಸುಲಭವಾಗಿ ದಾಟುತ್ತವೆ. ಹಸಿ ತರಕಾರಿ, ತಾಜಾ ಹಣ್ಣು, ಮೊಸರು ಅದರಲ್ಲಿ ಇರಲು ಸಾಧ್ಯವಿಲ್ಲ. ಮಲಬದ್ಧತೆಯ ಬಗ್ಗೆ ಸೈನಿಕರು ಮಾಡುವ ಹಾಸ್ಯಕ್ಕೆ ಕಾರಣವೂ ಅದೇ.

ಆ ಯೋಧನ ಜಾಗದಲ್ಲಿ ಈಗ ಜೆರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಬಳಿ ನಾಲ್ವರು ಹಂಚಿಕೊಂಡ ಮನೆಯಲ್ಲಿರುವ ನಮ್ಮ ಹುಡುಗನನ್ನು ಊಹಿಸಿಕೊಳ್ಳಿ. ಹಗಲಿಗೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತಿರುತ್ತಾನೆ, ರಾತ್ರಿ ಬೆಂಗಳೂರಿನ ಕಚೇರಿಯೊಡನೆ ಮಾತು. ಚೀಲವನ್ನು ಕತ್ತರಿಸಿ ಮೈಕ್ರೋವೇವಿನಲ್ಲಿಟ್ಟರೆ ಎರಡು ನಿಮಿಷದಲ್ಲಿ ಊಟ ಮುಗಿಯಿತು. ಮೊದಲ ತಿಂಗಳು ಇದು ಅನಿವಾರ್ಯ, ಮೂರನೆಯ ತಿಂಗಳು ಅಭ್ಯಾಸ, ಮೂರನೆಯ ವರ್ಷ ಅದೇ ಜೀವನಕ್ರಮ. ಮೂವತ್ತೈದು ತುಂಬುವ ಮೊದಲೇ ರಕ್ತದೊತ್ತಡ ಏರಿದ, ಸಕ್ಕರೆ ಗಡಿಯಲ್ಲಿ ನಿಂತ, ಯಕೃತ್ತಿನಲ್ಲಿ ಕೊಬ್ಬು ಸೇರಿದ ತರುಣರನ್ನು ನಮ್ಮ ಸಮುದಾಯದಲ್ಲಿ ನೋಡುವುದು ನನಗೆ ಅಪರೂಪವಲ್ಲ. ಇದಕ್ಕೆ ಪೊಟ್ಟಣವೊಂದೇ ಕಾರಣವೆನ್ನಲಾರೆ. ನಿದ್ರೆ, ನಡಿಗೆ, ಚಿಂತೆ, ವಂಶವಾಹಿ ಎಲ್ಲಕ್ಕೂ ಪಾಲಿದೆ. ದಕ್ಷಿಣ ಏಷ್ಯದವರಿಗೆ ಹೃದಯರೋಗದ ಅಪಾಯ ಹೆಚ್ಚೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2018ರಲ್ಲಿ ವಿಶೇಷ ಹೇಳಿಕೆಯನ್ನೇ ಪ್ರಕಟಿಸಿದೆ. ಹುಟ್ಟಿನಿಂದಲೇ ಬಂದ ಅಪಾಯದ ಮೇಲೆ ಉಪ್ಪಿನ ಹೊರೆಯನ್ನು ಹೇರುವುದೇಕೆ ಎಂಬುದಷ್ಟೇ ನನ್ನ ಪ್ರಶ್ನೆ. ಚೀಲದ ಹಿಂಬದಿಯ ಪಟ್ಟಿಯನ್ನು ಓದುವಾಗ ಒಂದು ಎಚ್ಚರ ಬೇಕು. ಅಲ್ಲಿ ಬರೆದ ಸೋಡಿಯಂ ಅನೇಕ ವೇಳೆ ಒಂದು ಬಡಿಸುವಿಕೆಯ ಲೆಕ್ಕ. ಒಂದು ಚೀಲವನ್ನು ಎರಡು ಬಡಿಸುವಿಕೆ ಎಂದು ಎಣಿಸಿರುವುದುಂಟು. ಪೂರ್ತಿ ಚೀಲ ತಿಂದವನು ಆ ಸಂಖ್ಯೆಯನ್ನು ಇಮ್ಮಡಿ ಮಾಡಿಕೊಳ್ಳಬೇಕು.

ಹಾಗೆಂದು ಪೊಟ್ಟಣವನ್ನು ಹಳಿಯುವುದು ಸರಿಯಲ್ಲ. ಅದರ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ತೀರಕ್ಕೆ ಅಪ್ಪಳಿಸಿದಾಗ ಲಕ್ಷಾಂತರ ಮನೆಗಳು ಕತ್ತಲಾದವು. ಹೋಬೋಕನ್ ಪಟ್ಟಣದ ಬೀದಿಗಳಲ್ಲಿ ನೀರು ನಿಂತು ಜನ ಮನೆಗಳಲ್ಲೇ ಸಿಕ್ಕಿಕೊಂಡರು. ನ್ಯಾಷನಲ್ ಗಾರ್ಡ್ ಸೈನಿಕರು ಅಲ್ಲಿಯೂ ನ್ಯೂಯಾರ್ಕಿನ ಕರಾವಳಿ ಬಡಾವಣೆಗಳಲ್ಲಿಯೂ ಊಟದ ಪೊಟ್ಟಣಗಳನ್ನು ಹಂಚಿದರು. ವಿದ್ಯುತ್ ಒಲೆಯನ್ನೇ ನಂಬಿದ ಮನೆಗಳಲ್ಲಿ ಅನ್ನ ಬೇಯಿಸುವ ದಾರಿ ಇರಲಿಲ್ಲ. ಆ ವೇಳೆ ಹಂಚಿದ ಕೆಲವು ಪೊಟ್ಟಣಗಳಲ್ಲಿ, ಸಾಲ್ಮೊನೆಲ್ಲಾ ಸೋಂಕಿನ ಶಂಕೆಯಿಂದ ಮಾರುಕಟ್ಟೆಯಿಂದ ಹಿಂಪಡೆಯಲಾಗಿದ್ದ ಕಡಲೆಕಾಯಿ ಬೆಣ್ಣೆ ಇರಬಹುದೆಂದು ಅಧಿಕಾರಿಗಳು ಎಚ್ಚರಿಸಬೇಕಾಯಿತು. ತುರ್ತಿನ ಊಟಕ್ಕೂ ಪರಿಶೀಲನೆ ಬೇಕೆಂಬುದಕ್ಕೆ ಇದು ನಿದರ್ಶನ. ಇಲ್ಲಿ ನೆಲೆಸಿದ ಪ್ರತಿ ಕುಟುಂಬವೂ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ ಮತ್ತು ನಿತ್ಯದ ಔಷಧಿಗಳನ್ನು ಇಟ್ಟುಕೊಂಡಿರುವುದು ವಿವೇಕ. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಕಡಲೆಬೀಜಗಳಿಗಿಂತ ಉತ್ತಮ ತುರ್ತು ಆಹಾರವನ್ನು ಯಾವ ಸೇನೆಯೂ ಸುಲಭವಾಗಿ ಕೊಡಲಾರದು.

ಇನ್ನೊಂದು ಬಗೆಯ ಪೊಟ್ಟಣವೂ ಇದೆ. ಯುದ್ಧದಲ್ಲಿ ಸಿಕ್ಕಿಬಿದ್ದ ನಾಗರಿಕರಿಗಾಗಿ ಅಮೆರಿಕವು 1990ರ ದಶಕದಲ್ಲಿ ಮಾನವೀಯ ದಿನಪಡಿಯೊಂದನ್ನು ರೂಪಿಸಿತು. ಯಾವ ಧರ್ಮದವರೂ ಸಂಕೋಚವಿಲ್ಲದೆ ತಿನ್ನಲೆಂದು ಅದರಲ್ಲಿ ಮಾಂಸವನ್ನು ಸೇರಿಸಲಿಲ್ಲ. ಬೇಳೆಕಾಳು, ಅನ್ನಗಳಿಂದ ಸುಮಾರು 2,200 ಕ್ಯಾಲೊರಿ ಒದಗಿಸಿದರು. ಕುಟ್ ಮುತ್ತಿಗೆಯ ಪಾಠ ಕೊನೆಗೂ ಯಾರಿಗೋ ಅರ್ಥವಾಗಿತ್ತು. ಆದರೆ 2001ರಲ್ಲಿ ಆಫ್ಘಾನಿಸ್ತಾನದ ಮೇಲೆ ವಿಮಾನಗಳಿಂದ ಅದನ್ನು ಉದುರಿಸಿದಾಗ, ಅದರ ಹಳದಿ ಬಣ್ಣ ಮತ್ತು ಅದೇ ಆಕಾಶದಿಂದ ಬಿದ್ದ ಗೊಂಚಲು ಬಾಂಬುಗಳ ಹಳದಿ ಬಣ್ಣ ಒಂದೇ ಆಗಿತ್ತು. ಊಟವೆಂದು ಸಾವನ್ನು ಎತ್ತಿಕೊಳ್ಳುವ ಭೀತಿ ಎದುರಾಗಿ, ಮುಂದೆ ಪೊಟ್ಟಣದ ಬಣ್ಣವನ್ನೇ ಬದಲಿಸಬೇಕಾಯಿತು. 2024ರ ಮಾರ್ಚ್ 2ರಂದು ಗಾಜಾದ ಮೇಲೆ ಅಮೆರಿಕದ ವಿಮಾನಗಳು 38,000 ಊಟಗಳನ್ನು ಉದುರಿಸಿದುದನ್ನು ಇಲ್ಲಿನ ದೂರದರ್ಶನಗಳು ತೋರಿಸಿದವು. ಒಂದೇ ಬಗೆಯ ಪೊಟ್ಟಣ ಒಬ್ಬನಿಗೆ ಹವ್ಯಾಸ, ಒಬ್ಬನಿಗೆ ಕರ್ತವ್ಯ, ಮತ್ತೊಬ್ಬನಿಗೆ ಪ್ರಾಣ. ಆಯ್ಕೆ ಇರುವುದು ಮೊದಲನೆಯವನಿಗೆ ಮಾತ್ರ. ವಲಸೆ ಬಂದ ನಮಗೂ ಆ ಆಯ್ಕೆ ಇದೆ ಎಂಬುದನ್ನು ನಾವು ಮರೆಯುತ್ತೇವೆ.

ಈ ಹವ್ಯಾಸಕ್ಕೆ ಮನಸೋತ ಕನ್ನಡದ ತರುಣರಿಗೆ ಕೆಲವು ಮಾತು. ಅಮೆರಿಕದ ಸೇನಾ ಪೊಟ್ಟಣಗಳ ಪೆಟ್ಟಿಗೆಯ ಮೇಲೆ, ಇದು ಸರಕಾರದ ಸ್ವತ್ತು, ವಾಣಿಜ್ಯ ಮಾರಾಟ ಕಾನೂನುಬಾಹಿರ ಎಂಬ ಎಚ್ಚರಿಕೆ ಮುದ್ರಿತವಾಗಿರುತ್ತದೆ. ಅವು ಹರಾಜುಕಟ್ಟೆಗಳಲ್ಲಿ ಮಾರಾಟವಾಗುವುದನ್ನು ಅಮೆರಿಕನ್ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2006ರಲ್ಲಿ ತನಿಖೆ ಮಾಡಿತ್ತು. ವೀಸಾದ ಮೇಲೆ ಇರುವವರು ಇಂಥ ವ್ಯಾಪಾರದಿಂದ ದೂರವಿರುವುದು ಲೇಸು. ಸಾರ್ವಜನಿಕರಿಗೆಂದೇ ಕಂಪನಿಗಳು ತಯಾರಿಸುವ ಪೊಟ್ಟಣಗಳು ದೊರೆಯುತ್ತವೆ. ಶಾಖ ಹೆಚ್ಚಿದಂತೆ ಈ ಊಟದ ಆಯಸ್ಸು ವೇಗವಾಗಿ ಕುಗ್ಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಕಾರಿನ ಹಿಂಬದಿಯಲ್ಲೋ ಗ್ಯಾರೇಜಿನಲ್ಲೋ ಇಟ್ಟದ್ದನ್ನು ನಂಬಬಾರದು. ಉಬ್ಬಿದ, ಸೋರುವ, ತುಕ್ಕು ಹಿಡಿದ ಡಬ್ಬಿಯನ್ನು ತಿನ್ನಬಾರದು. ಬಾಟ್ಯುಲಿಸಂ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಯೂಟ್ಯೂಬಿನಲ್ಲಿ ನೂರು ವರ್ಷದ ಡಬ್ಬಿ ತಿಂದವನು ಬದುಕಿದನೆಂಬುದು ವೈದ್ಯಕೀಯ ಪುರಾವೆಯಲ್ಲ. ಪೊಟ್ಟಣದೊಡನೆ ಬರುವ ಬೆಂಕಿಯಿಲ್ಲದ ಬಿಸಿಚೀಲಕ್ಕೆ ನೀರು ಹಾಕಿದರೆ ಹೈಡ್ರೋಜನ್ ಅನಿಲ ಹೊಮ್ಮುತ್ತದೆ. ಅದನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಳಸಬೇಡಿ.

ಊರಿನ ಬಂಧುಗಳಿಗೂ ಒಂದು ವಿನಂತಿ. ಮಕ್ಕಳಿಗೆ ಕಳುಹಿಸುವ ಬುತ್ತಿಯೂ ಸೇನೆಯ ಬುತ್ತಿಯಷ್ಟೇ ಶಾಸ್ತ್ರವನ್ನು ಬೇಡುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಹುರಿಹಿಟ್ಟು ಮೊದಲಾದ ಒಣ ಪದಾರ್ಥಗಳು ನಿರ್ಭಯ. ಹುಣಿಸೆಯ ಹುಳಿ ತುಂಬಿದ ಪುಳಿಯೋಗರೆ ಗೊಜ್ಜೂ ಬಹುಮಟ್ಟಿಗೆ ಸುರಕ್ಷಿತ. ಆದರೆ ನೀರಿನಂಶವಿರುವ, ಹುಳಿ ಇಲ್ಲದ ಪಲ್ಯವನ್ನೋ ಸಾಗುವನ್ನೋ ಗಾಳಿ ತೆಗೆದು ಪ್ಯಾಕ್ ಮಾಡಿಸಿ, ಫ್ರಿಜ್ಜಿನ ಹೊರಗೆ ದಿನಗಟ್ಟಲೆ ಇಟ್ಟು ಕಳುಹಿಸುವುದು ಅಪಾಯಕರ. ಗಾಳಿಯಿಲ್ಲದ ಕಡೆಯೇ ಆ ಬ್ಯಾಕ್ಟೀರಿಯ ಬೆಳೆಯುವುದು. ಅಂಗಡಿಯ ಪ್ಯಾಕಿಂಗ್ ಯಂತ್ರ ಗಾಳಿಯನ್ನು ತೆಗೆಯುತ್ತದೆಯೇ ಹೊರತು ರಿಟಾರ್ಟಿನ ಶಾಖವನ್ನು ಕೊಡುವುದಿಲ್ಲ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಗೂ ಇದೇ ಮಾತು. ಮಾಂಸದ ಪದಾರ್ಥಗಳನ್ನು ಭಾರತದಿಂದ ಇಲ್ಲಿಗೆ ತರುವಂತಿಲ್ಲ, ಹಾಲಿನ ಉತ್ಪನ್ನಗಳ ಮೇಲೂ ನಿರ್ಬಂಧಗಳಿವೆ. ತಂದದ್ದೇನೇ ಇರಲಿ, ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ 10,000 ಡಾಲರ್‌ವರೆಗೂ ಹೋಗಬಹುದೆಂದು ಸುಂಕದ ಇಲಾಖೆ ಎಚ್ಚರಿಸುತ್ತದೆ.

ಇಲ್ಲಿಗೆ ಬರಲಿರುವವರು ಸಿಪಾಯಿಯ ಬುತ್ತಿಯಿಂದ ಕಲಿಯಬೇಕಾದದ್ದು ಅದರ ಶಿಸ್ತನ್ನು. ವಾರಕ್ಕೆ ಏನು ಬೇಕು, ಎಷ್ಟು ಬೇಕು, ಯಾವಾಗ ತಿನ್ನಬೇಕು ಎಂದು ಮೊದಲೇ ಯೋಚಿಸಿಟ್ಟುಕೊಳ್ಳುವ ಶಿಸ್ತು ಅದು. ಚೀಲದ ಊಟವನ್ನು ಮೊದಲ ಮೂರು ವಾರಗಳಿಗೆ ಮೀಸಲಿಡಿ. ಸೇನೆಯೂ ತನ್ನ ಸೈನಿಕನಿಗೆ ಅಷ್ಟೇ ದಿನಗಳ ಲೆಕ್ಕ ಹಾಕಿದೆ. ಆ ಮೇಲೆ ಒಲೆ ಹಚ್ಚಿ. ಹೊರಡುವ ಮೊದಲು ಅನ್ನ, ಸಾರು, ಹುಳಿ, ಒಂದು ಪಲ್ಯ, ಉಪ್ಪಿಟ್ಟು ಈ ಐದನ್ನು ಅಮ್ಮನ ಬಳಿಯೋ ಅಪ್ಪನ ಬಳಿಯೋ ಕೈಯಾರೆ ಮಾಡಿ ಕಲಿತು ಬನ್ನಿ. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಒಂದು ಪುಟ್ಟ ಪ್ರೆಷರ್ ಕುಕ್ಕರು ಹತ್ತು ಕೆಜಿ ಸಿದ್ಧ ಆಹಾರಕ್ಕಿಂತ ಬೆಲೆಬಾಳುವ ಸಾಮಾನು. ಅಡುಗೆಗೆ ಮನಸ್ಸಿಲ್ಲದ ದಿನ ಫ್ಲಷಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ಬಿಸಿ ದೋಸೆ ಸಿಗುತ್ತದೆ. ಬೃಂದಾವನ ಕನ್ನಡ ಕೂಟವೋ ನ್ಯೂಯಾರ್ಕ್ ಕನ್ನಡ ಕೂಟವೋ ಹಬ್ಬ ಮಾಡಿದ ದಿನ ನಾಲ್ಕು ಜನರ ಜೊತೆ ಕುಳಿತು ಉಣ್ಣಬಹುದು.

ತಂದೆತಾಯಿಯರು ದೂರವಾಣಿಯಲ್ಲಿ ‘ಊಟ ಆಯಿತೇನಪ್ಪ?’ ಎಂದು ಕೇಳುತ್ತಾರೆ, ‘ಆಯಿತು’ ಎಂಬ ಉತ್ತರ ಬರುತ್ತದೆ, ಮಾತು ಮುಂದೆ ಸಾಗುತ್ತದೆ. ಇನ್ನು ಮೇಲೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿ ಕೇಳಿರೆಂದು ನನ್ನ ಸಲಹೆ: ‘ಏನು ಬೇಯಿಸಿದೆ?’